ಹಳೇ ಯೆಜ್ಡಿಯನ್ನು ದಿನಾ ಓಡಿಸೋದು ಹೇಗೆ?

ಮೈಸೂರಿನ ಯಾದವಗಿರಿಯಲ್ಲಿ ತಯಾರಾದ ಜಾವಾ, ಯೆಜ್ಡಿ ಬೈಕುಗಳನ್ನು ಜನ ಈಗ ಎರಡು ರೀತಿ ಇಟ್ಟುಕೊಂಡಿದ್ದಾರೆ. ಕೆಲವರು ಹೊದಿಕೆ ಹೊದಿಸಿ ಮೂಲೆಯಲ್ಲಿ ನಿಲ್ಲಿಸಿ, ಆಯುಧಪೂಜೆಯ ದಿನ ಹೊರಗೆ ತಂದು, ತೊಳೆದು, ಹೂ ಹಾಕಿ, ನಿಂಬೆಹಣ್ಣಿನ ಮೇಲೆ ಹತ್ತಿಸಿ ಮತ್ತೆ ಒಳಗಿಡುತ್ತಾರೆ. ಇನ್ನು ಕೆಲವರು ಹಾಲಿಗೂ ಅದರಲ್ಲೇ, ಆಫೀಸಿಗೂ ಅದರಲ್ಲೇ, ಭಾನುವಾರ ಗೆಳೆಯರ ಜೊತೆ ಮೇಲುಕೋಟೆಗೂ ಅದರಲ್ಲೇ. ನಾನು ಎರಡನೇ ಗುಂಪಿನವನು. ಹೊಸದಾಗಿ ಗಾಡಿ ತಗೊಂಡವರು "ದಿನಾ ಓಡಿಸಿದ್ರೆ ಹಾಳಾಗಲ್ವಾ?" ಅಂತ ಕೇಳುತ್ತಲೇ ಇರುತ್ತಾರೆ. ಹಾಳಾಗುವುದು ನಿಲ್ಲಿಸಿದ ಗಾಡಿ. ಕಾರ್ಬೋರೇಟರಿನಲ್ಲಿ ಪೆಟ್ರೋಲ್ ಆರಿ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತು) ಕಟ್ಟಿಕೊಳ್ಳುತ್ತದೆ, ಪ್ಲಗ್ಗಿಗೆ ಕಿಡಿ ಕೊಡಿಸುವ ಪಾಯಿಂಟ್ ಮೇಲೆ ಕಿಲುಬು ಕೂರುತ್ತದೆ, ಕ್ರ್ಯಾಂಕಿನ ಆಯಿಲ್ ಸೀಲ್ ಒಣಗಿ ಗಟ್ಟಿಯಾಗುತ್ತದೆ, ಟ್ಯಾಂಕಿನೊಳಗೆ ತುಕ್ಕು ಹಿಡಿಯುತ್ತದೆ. ಓಡುವ ಗಾಡಿಗೆ ಬರುವ ಕಾಯಿಲೆಗಳು ಸಣ್ಣವು, ಅವೂ ಮೊದಲೇ ಸುಳಿವು ಕೊಟ್ಟು ಬರುತ್ತವೆ. ಆ ಸುಳಿವು ಹಿಡಿಯುವುದನ್ನು ಕಲಿತರೆ ಸಾಕು. ಅದಕ್ಕೇ ಈ ಬರಹ.

ಇತಿಹಾಸ ಗೊತ್ತಿಲ್ಲದವರಿಗೆ ನಾಲ್ಕು ಸಾಲು. ರುಸ್ತುಂ ಇರಾನಿ, ಫರೋಖ್ ಇರಾನಿ ಅವರು 1960ರಲ್ಲಿ ಕಟ್ಟಿದ ಐಡಿಯಲ್ ಜಾವಾ ಕಂಪನಿ ಆಗಿನ ಚೆಕೊಸ್ಲೊವಾಕಿಯಾದ ಜಾವಾದಿಂದ ಲೈಸೆನ್ಸ್ ಪಡೆದು ಇಲ್ಲಿ ಗಾಡಿ ಮಾಡಿತು. 1973ರಿಂದ ಅದೇ ವಂಶದ ಗಾಡಿಗಳು ಯೆಜ್ಡಿ ಎಂಬ ಹೆಸರಿನಲ್ಲಿ ಬಂದವು, 1978ರಲ್ಲಿ ರೋಡ್‌ಕಿಂಗ್ ಎಂಬ ಮಾಡೆಲ್ ಬಂತು, 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಎಂದು ಮತ್ತೆ ಬಂದ ಹೊಸ ಗಾಡಿಗಳು ಫೋರ್ ಸ್ಟ್ರೋಕ್. ಅವುಗಳ ದಾರಿಯೇ ಬೇರೆ. ನಾನು ಹೇಳುತ್ತಿರುವುದು ಒಂದು ಸಿಲಿಂಡರ್, ಎರಡು ಸೈಲೆನ್ಸರ್, ನೀಲಿ ಹೊಗೆಯ ಹಳೇ ಟೂ ಸ್ಟ್ರೋಕ್ 250 ಸಿಸಿ ಗಾಡಿಗಳ ಬಗ್ಗೆ. ಕಂಪನಿ ಮುಚ್ಚಿ ಇಷ್ಟು ವರ್ಷವಾದರೂ ಇವು ಓಡುತ್ತಿವೆ ಎಂದರೆ, ಅದಕ್ಕೆ ಓಡಿಸುವವರೂ ಹಳೇ ಮೆಕ್ಯಾನಿಕ್‌ಗಳೂ ಒಬ್ಬರಿಗೊಬ್ಬರು ಕಲಿಸಿಕೊಟ್ಟದ್ದೇ ಕಾರಣ.

ಕೊಳ್ಳುವ ಮೊದಲು

ಮೊದಲು ಕಾಗದ, ಆಮೇಲೆ ಗಾಡಿ. ಪೇಂಟಿನ ಹೊಳಪಿಗೆ ಮನಸೋತು ಅಡ್ವಾನ್ಸ್ ಕೊಟ್ಟು, ಆಮೇಲೆ ಆರ್‌ಸಿಯಲ್ಲಿರುವ ಮಾಲೀಕರನ್ನು ಹುಡುಕಿಕೊಂಡು ಊರೂರು ಅಲೆದವರನ್ನು ಕಂಡಿದ್ದೇನೆ. ಎಂಜಿನ್ ನಂಬರ್, ಚಾಸಿ ನಂಬರ್ ಎರಡನ್ನೂ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಆರ್‌ಸಿ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಅಂಕಿ ಓದಿ. ನಂಬರಿನ ಜಾಗ ಉಜ್ಜಿದಂತಿದ್ದರೆ, ಅಕ್ಷರ ಏರುಪೇರಾಗಿದ್ದರೆ, ಬೆಲೆ ಎಷ್ಟೇ ಕಡಿಮೆಯಿರಲಿ, ಕೈಮುಗಿದು ಬಂದುಬಿಡಿ. ನೋಂದಣಿ ಹದಿನೈದು ವರ್ಷಕ್ಕೆ ಮುಗಿದ ಮೇಲೆ ಐದೈದು ವರ್ಷಕ್ಕೆ ನವೀಕರಣ ಆಗಬೇಕು, ಹಸಿರು ತೆರಿಗೆ ಕಟ್ಟಿರಬೇಕು. ಅದು ಬಾಕಿಯಿದ್ದರೆ ಯಾರು ಕಟ್ಟುವುದು ಎಂಬುದನ್ನು ದುಡ್ಡು ಕೊಡುವ ಮೊದಲೇ ಮಾತಾಡಿ. ವರ್ಗಾವಣೆಗೆ ಫಾರಂ 29 ಮತ್ತು 30, ಬೇರೆ ರಾಜ್ಯದ ಗಾಡಿಯಾದರೆ ಎನ್‌ಒಸಿಗೆ ಫಾರಂ 28. ವಿಮೆ, ಆರು ತಿಂಗಳ ಹೊಗೆ ತಪಾಸಣೆ ಪತ್ರ, ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಬೇಕೇ ಬೇಕು.

ಐವತ್ತು ವರ್ಷ ದಾಟಿದ ಗಾಡಿಯಾದರೆ ಇನ್ನೊಂದು ಮಾತು. 2021ರ ನಿಯಮದಂತೆ ಅದನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ದಿನಾ ಓಡಿಸುವ ಆಸೆಯಿದ್ದರೆ ಮಾಮೂಲಿ ನೋಂದಣಿಯನ್ನೇ ಜೋಪಾನವಾಗಿ ನವೀಕರಿಸಿಕೊಂಡು ಹೋಗಿ.

ಗಾಡಿ ನೋಡಲು ಹೋಗುವ ದಿನ ಮಾರುವವರಿಗೆ ಫೋನ್ ಮಾಡಿ, "ನಾನು ಬರೋ ತನಕ ಸ್ಟಾರ್ಟ್ ಮಾಡ್ಬೇಡಿ ಸಾರ್" ಎಂದು ಕೇಳಿಕೊಳ್ಳಿ. ಹೋದ ತಕ್ಷಣ ಬ್ಲಾಕ್ (ಎಂಜಿನ್ನಿನ ಸಿಲಿಂಡರ್) ಮುಟ್ಟಿ ನೋಡಿ. ತಣ್ಣಗಿರುವ ಎಂಜಿನ್ ಸತ್ಯ ಹೇಳುತ್ತದೆ, ಬಿಸಿ ಮಾಡಿಟ್ಟ ಎಂಜಿನ್ ಅರ್ಧ ಮುಚ್ಚಿಡುತ್ತದೆ. ಸ್ಟಾರ್ಟ್ ಆದ ಮೇಲೆ ಮೊದಲ ಎರಡು ನಿಮಿಷ ನೀಲಿ ಹೊಗೆ ಸಹಜ. ಹತ್ತು ನಿಮಿಷ ಓಡಿದ ಮೇಲೂ ಬಿಳಿ ಹೊಗೆ ದಟ್ಟವಾಗಿ ಬರುತ್ತಿದ್ದರೆ, ಗೇರ್ ಬಾಕ್ಸಿನ ಆಯಿಲ್ ಕೂಡ ಕಡಿಮೆಯಾಗಿದ್ದರೆ, ಎಡಗಡೆಯ ಕ್ರ್ಯಾಂಕ್ ಸೀಲ್ ಹೋಗಿ ಎಂಜಿನ್ ಗೇರ್ ಆಯಿಲನ್ನು ಕುಡಿಯುತ್ತಿದೆ ಎಂದರ್ಥ. ಬಲಗಡೆ, ಡೈನಮೋ ಬದಿಯ ಸೀಲ್ ಹೋದರೆ ಹೊಗೆ ಕಾಣುವುದಿಲ್ಲ. ಅಲ್ಲಿಂದ ಗಾಳಿ ಒಳಸೇರಿ ಪೆಟ್ರೋಲ್ ಮಿಶ್ರಣ ತೆಳ್ಳಗಾಗುತ್ತದೆ, ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಕೂಗುತ್ತಲೇ ಇರುತ್ತದೆ, ಕೊನೆಗೆ ಪಿಸ್ಟನ್ ಹಿಡಿಯುತ್ತದೆ, ಅಂದರೆ ಬ್ಲಾಕಿನೊಳಗೆ ಕಚ್ಚಿಕೊಂಡು ನಿಂತುಬಿಡುತ್ತದೆ. ಎರಡನೆಯದೇ ಹೆಚ್ಚು ಅಪಾಯ.

ಓಡಿಸಿ ನೋಡುವಾಗ ಒಂದೊಂದು ಗೇರಿನಲ್ಲೂ ಸ್ವಲ್ಪ ಏರು ಹತ್ತಿಸಿ, ಗೇರ್ ತಾನಾಗಿ ಜಾರುತ್ತದೆಯೇ ಗಮನಿಸಿ. ಹಿಂದಿನ ಚಕ್ರ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿದರೆ ಅದನ್ನು ಹೊತ್ತ ಸ್ವಿಂಗ್ ಆರ್ಮಿನ ಬುಷ್ ಸವೆದಿದೆಯೋ ಇಲ್ಲವೋ ತಿಳಿಯುತ್ತದೆ. ಎಂಜಿನ್ ಕೆಲಸ ಎಷ್ಟಿದ್ದರೂ ಮಾಡಿಸಬಹುದು. ಮೂಲ ತಗಡು, ಟ್ಯಾಂಕು, ಮಡ್‌ಗಾರ್ಡು, ಮೂಲ ಸೈಲೆನ್ಸರ್ ಕಳೆದುಕೊಂಡ ಗಾಡಿಗೆ ಅವನ್ನು ಹುಡುಕುವುದೇ ದೊಡ್ಡ ಕೆಲಸ. ಅದಕ್ಕೇ ನನ್ನ ಸಲಹೆ: ಪೇಂಟ್ ಹೋಗಿದ್ದರೂ ಪರವಾಗಿಲ್ಲ, ಭಾಗಗಳು ಪೂರ್ತಿ ಇರುವ ಗಾಡಿ ತಗೊಳ್ಳಿ.

ಪೆಟ್ರೋಲಿಗೆ ಆಯಿಲ್

ಈ ಎಂಜಿನ್ನಿಗೆ ಬೇರೆ ಆಯಿಲ್ ಪಂಪಿಲ್ಲ. ಪೆಟ್ರೋಲಿನಲ್ಲಿ ಬೆರೆಸಿದ ಟೂಟಿ (2T, ಅಂದರೆ ಟೂ ಸ್ಟ್ರೋಕ್) ಆಯಿಲೇ ಪಿಸ್ಟನ್ನಿಗೂ ಕ್ರ್ಯಾಂಕ್ ಬೇರಿಂಗಿಗೂ ಜೀವ. ಹಳೆಯ ಲೆಕ್ಕ 1:25, ಅಂದರೆ ಲೀಟರಿಗೆ 40 ಮಿ.ಲೀ. ಐದು ಲೀಟರಿಗೆ 200. ಈಗಿನ ಆಯಿಲ್ ಚೆನ್ನಾಗಿದೆ, 30 ಸಾಕು ಎನ್ನುವವರಿದ್ದಾರೆ. ಊರೊಳಗೆ ನಿಧಾನ ಓಡಿಸುವವರಿಗೆ ಅದು ನಡೆದೀತು. ಬಿಸಿಲಲ್ಲಿ, ಹಿಂದೆ ಒಬ್ಬರನ್ನು ಕೂರಿಸಿಕೊಂಡು, ಘಾಟಿ ಹತ್ತುವವನು ನಾನು, 40ಕ್ಕಿಂತ ಇಳಿಸಿಲ್ಲ. ಸ್ವಲ್ಪ ಹೆಚ್ಚು ಹೊಗೆ ಬಂದರೆ ಸೈಲೆನ್ಸರ್ ತೊಳೆದರಾಯಿತು, ಆಯಿಲ್ ಕಡಿಮೆಯಾದರೆ ಬ್ಲಾಕ್ ಬೋರ್ ಮಾಡಿಸಬೇಕು, ಅಂದರೆ ಒಳಗೋಡೆಯನ್ನು ಕೊರೆಸಿ ಅಗಲ ಮಾಡಿಸಬೇಕು.

ಹಾಕುವ ಕ್ರಮವೂ ಮುಖ್ಯ. ಬಂಕಿಗೆ ಹೋದ ಮೇಲೆ ಎಷ್ಟು ಲೀಟರ್ ಎಂದು ಮೊದಲು ನಿರ್ಧರಿಸಿ. ಅಷ್ಟಕ್ಕೆ ಬೇಕಾದ ಆಯಿಲನ್ನು ಅಳತೆ ಬಾಟಲಿಯಿಂದ ಟ್ಯಾಂಕಿಗೆ ಸುರಿದು, ಅದರ ಮೇಲೆ ಪೆಟ್ರೋಲ್ ಹಾಕಿಸಿ. ಬೀಳುವ ರಭಸಕ್ಕೆ ಅದೇ ಕಲಸಿಕೊಳ್ಳುತ್ತದೆ. ಆಯಿಲ್ ಕೊನೆಗೆ ಹಾಕಿದರೆ ತಳಕ್ಕೆ ಇಳಿದು ಪೆಟ್ರೋಲ್ ಟ್ಯಾಪಿನ ಬಾಯಲ್ಲಿ ಕೂರುತ್ತದೆ, ಎರಡು ಕಿಲೋಮೀಟರಿಗೆ ಪ್ಲಗ್ ಒದ್ದೆ. ಹಾಗಾಗಿಬಿಟ್ಟರೆ ಮುಚ್ಚಳ ಹಾಕಿ ಗಾಡಿಯನ್ನು ಎಡಕ್ಕೂ ಬಲಕ್ಕೂ ಚೆನ್ನಾಗಿ ಅಲ್ಲಾಡಿಸಿ. ಕೈಯಳತೆ ಬೇಡ. ಕೆಮ್ಮಿನ ಔಷಧಿಯ ಬಾಟಲಿಯೊಂದಕ್ಕೆ 40, 80, 120, 160, 200 ಎಂದು ಗೆರೆ ಎಳೆದು ಸೈಡ್ ಬಾಕ್ಸಿನಲ್ಲಿ ಇಟ್ಟುಕೊಳ್ಳಿ. ಫೋರ್ ಸ್ಟ್ರೋಕ್ ಎಂಜಿನ್ ಆಯಿಲನ್ನು ಅವಸರಕ್ಕೂ ಬೆರೆಸಬೇಡಿ. ಅದು ಪೂರ್ತಿ ಉರಿಯದೆ ಪ್ಲಗ್ಗಿನ ಮೇಲೂ ಹೊಗೆ ಹೊರಹೋಗುವ ಪೋರ್ಟಿನಲ್ಲೂ ಕರಿ ಕಟ್ಟುತ್ತದೆ.

ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ರಬ್ಬರ್ ಪೈಪನ್ನು ಊದಿಸುತ್ತದೆ. ಪೆಟ್ರೋಲ್ ಪೈಪನ್ನು ಎಥನಾಲ್ ತಡೆಯುವ ಹೊಸದಕ್ಕೆ ಬದಲಿಸಿ, ಟ್ಯಾಪಿನ ಕಾರ್ಕ್ ಸೋರುತ್ತಿದೆಯೇ ಆಗಾಗ ನೋಡಿ. ಎರಡು ವಾರಕ್ಕಿಂತ ಹೆಚ್ಚು ನಿಲ್ಲಿಸಬೇಕಾದರೆ ಟ್ಯಾಪ್ ಮುಚ್ಚಿ, ಕಾರ್ಬೋರೇಟರಿನಲ್ಲಿರುವುದು ಉರಿದು ಎಂಜಿನ್ ತಾನೇ ಆಫ್ ಆಗುವ ತನಕ ಓಡಿಸಿ.

ಬೆಳಗಿನ ಐದು ನಿಮಿಷ

ಟ್ಯಾಪ್ ತೆರೆಯಿರಿ. ತಣ್ಣಗಿದ್ದರೆ ಮಾತ್ರ ಕಾರ್ಬೋರೇಟರ್ ಮೇಲಿನ ಪುಟ್ಟ ಗುಂಡಿಯನ್ನು ಪೆಟ್ರೋಲ್ ಜಿನುಗುವ ತನಕ ಒತ್ತಿ. ಈ ಗಾಡಿಯಲ್ಲಿ ಕಿಕ್ಕರೂ ಅದೇ, ಗೇರೂ ಅದೇ. ಲಿವರನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿ, ಕೀ ಹಾಕದೆ ಎರಡು ಸಲ ಮೆತ್ತಗೆ ಒದೆಯಿರಿ. ಪೆಟ್ರೋಲ್ ಒಳಗೆ ಹೋಗಲಿ. ಆಮೇಲೆ ಕೀ, ಕಿಂಚಿತ್ ಆಕ್ಸಿಲರೇಟರ್, ಒಂದು ಪೂರ್ತಿ ಕಿಕ್. ಸರಿಯಾಗಿ ಟ್ಯೂನ್ ಆದ ಗಾಡಿ ಮೊದಲನೆಯದಕ್ಕೋ ಎರಡನೆಯದಕ್ಕೋ ಏಳುತ್ತದೆ. ಐದು ಕಿಕ್ ಆದರೂ ಏಳದಿದ್ದರೆ ಒದೆಯುವುದನ್ನು ನಿಲ್ಲಿಸಿ, ಪ್ಲಗ್ ಬಿಚ್ಚಿ ನೋಡಿ. ಸುಮ್ಮನೆ ಒದೆಯುತ್ತಾ ಹೋದರೆ ಕಾಲು ಸೋಲುತ್ತದೆ, ಎಂಜಿನ್ ಒಳಗೆ ಪೆಟ್ರೋಲ್ ತುಂಬುತ್ತದೆ.

ಎದ್ದ ಮೇಲೆ ಒಂದು ನಿಮಿಷ ಹಾಗೇ ಬಿಡಿ, ಕೂಗಿಸಬೇಡಿ. ಮೊದಲ ಎರಡು ಕಿಲೋಮೀಟರ್ ನಿಧಾನ. ಪಿಸ್ಟನ್ ಅಲ್ಯೂಮಿನಿಯಂ. ಅದು ಸುತ್ತಲಿನ ಬೋರಿಗಿಂತ ಬೇಗ ಹಿಗ್ಗುತ್ತದೆ. ತಣ್ಣಗಿನ ಎಂಜಿನ್ನನ್ನು ಎಳೆದಾಡಿದರೆ ಬೋರ್ ಇನ್ನೂ ಹಿಗ್ಗದಿರುವಾಗ ಪಿಸ್ಟನ್ ಹಿಗ್ಗಿ ಕಚ್ಚುತ್ತದೆ. ಆ ಒಂದು ನಿಮಿಷದಲ್ಲಿ ಟೈರಿನ ಗಾಳಿ, ಮುಂದಿನ ಬ್ರೇಕ್ ವೈರ್, ಹಿಂದಿನ ದೀಪ, ಹಾರನ್ ನೋಡಿಕೊಳ್ಳಿ. ಗಾಡಿ ನಿಂತಿದ್ದ ಜಾಗದ ನೆಲವನ್ನೂ ನೋಡಿ. ಹೊಸ ಕಲೆ ಬಿದ್ದಿದ್ದರೆ ಬೆರಳಲ್ಲಿ ಒತ್ತಿ ಮೂಸಿ. ಪೆಟ್ರೋಲೋ, ಗೇರ್ ಆಯಿಲೋ, ಮುಂದಿನ ಫೋರ್ಕಿನ ಆಯಿಲೋ ತಿಳಿಯುತ್ತದೆ.

ಗೇರ್ ಲಿವರ್ ಒತ್ತಿದರೆ ಕ್ಲಚ್ ತಾನೇ ಬಿಡುವ ವ್ಯವಸ್ಥೆ ಇದರಲ್ಲಿದೆ, ಕೈ ಹಚ್ಚದೆ ಗೇರ್ ಬದಲಿಸಬಹುದು. ನಾನಂತೂ ಕ್ಲಚ್ ಹಿಡಿದೇ ಬದಲಿಸುತ್ತೇನೆ, ಗೇರ್ ಬಾಕ್ಸಿಗೆ ಹಿತ. ದಾರಿಯಲ್ಲಿ ಕ್ಲಚ್ ವೈರ್ ತುಂಡಾದ ದಿನ ಮಾತ್ರ ಈ ವ್ಯವಸ್ಥೆಯ ಬೆಲೆ ಗೊತ್ತಾಗುತ್ತದೆ. ಅದನ್ನೇ ನಂಬಿ ಮನೆ ಸೇರಬಹುದು.

ಪ್ಲಗ್ಗೂ ಪಾಯಿಂಟೂ

ತಿಂಗಳಿಗೊಮ್ಮೆ ಒಂದು ಭಾನುವಾರ ಬೆಳಿಗ್ಗೆ ಒಂದು ಗಂಟೆ ಗಾಡಿಗೆ ಕೊಡಿ. ಈ ಕೆಲಸಕ್ಕೆ ಮೆಕ್ಯಾನಿಕ್ ಬೇಡ.

ಪ್ಲಗ್ಗಿನಿಂದ ಶುರು ಮಾಡಿ. ಒಂದಷ್ಟು ದೂರ ಓಡಿಸಿ ಬಂದು ಬಿಚ್ಚಿದರೆ ಅದರ ಮೂಗು ಎಂಜಿನ್ನಿನ ಜಾತಕ ಹೇಳುತ್ತದೆ. ಕಾಫಿಪುಡಿಯ ಕಂದು ಬಣ್ಣವಿದ್ದರೆ ಎಲ್ಲ ಸರಿ. ಕಪ್ಪಗೆ ಒದ್ದೆಯಿದ್ದರೆ ಆಯಿಲ್ ಅಥವಾ ಪೆಟ್ರೋಲ್ ಹೆಚ್ಚು, ಇಲ್ಲವೇ ಕರೆಂಟ್ ಕಮ್ಮಿ. ಸುಣ್ಣದಂತೆ ಬೆಳ್ಳಗಿದ್ದರೆ ತಡ ಮಾಡಬೇಡಿ, ಮಿಶ್ರಣ ತೆಳ್ಳಗಾಗಿ ಎಂಜಿನ್ ವಿಪರೀತ ಕಾಯುತ್ತಿದೆ. ಜೆಟ್ಟಿನಲ್ಲಿ ಕಸವಿದೆಯೇ, ಕಾರ್ಬೋರೇಟರಿನ ಬುಡ ಸಡಿಲವೇ, ಸೀಲ್ ಹೋಗಿದೆಯೇ ಎಂದು ಹುಡುಕುವ ತನಕ ದೂರ ಹೋಗಬೇಡಿ. ಪ್ಲಗ್ಗನ್ನು ಬ್ರಷ್‌ನಲ್ಲಿ ಉಜ್ಜಿ, ಸಂದನ್ನು 0.6 ಮಿ.ಮೀ. ಆಸುಪಾಸಿಗೆ ತನ್ನಿ.

ಆಮೇಲೆ ಪಾಯಿಂಟ್. ಕೊನೆಯ ವರ್ಷಗಳ ಕೆಲವು ಗಾಡಿಗಳಲ್ಲಿ ಸಿಡಿಐ (ಪಾಯಿಂಟ್ ಇಲ್ಲದ ಎಲೆಕ್ಟ್ರಾನಿಕ್ ಕಿಡಿ ವ್ಯವಸ್ಥೆ) ಇದೆ, ಅವರಿಗೆ ಈ ಕೆಲಸವಿಲ್ಲ. ಉಳಿದವರು ಹೀಗೆ ಮಾಡಿ:

1. ಕೀ ತೆಗೆದು, ಪ್ಲಗ್ ಬಿಚ್ಚಿ, ಬಲಗಡೆಯ ಕವರ್ ತೆಗೆಯಿರಿ. ಪ್ಲಗ್ ಇಲ್ಲದಿದ್ದರೆ ಎಂಜಿನ್ ಹಗುರವಾಗಿ ತಿರುಗುತ್ತದೆ.

2. ಎಂಜಿನ್ನನ್ನು ಮೆಲ್ಲಗೆ ತಿರುಗಿಸುತ್ತಾ ಪಾಯಿಂಟ್ ಅತಿ ಹೆಚ್ಚು ತೆರೆಯುವ ಜಾಗದಲ್ಲಿ ನಿಲ್ಲಿಸಿ. ಎರಡು ಮುಖಗಳನ್ನೂ ಟಾರ್ಚ್ ಹಿಡಿದು ನೋಡಿ. ಒಂದರಲ್ಲಿ ಗುಂಡಿ, ಇನ್ನೊಂದರಲ್ಲಿ ಗುಬುಟು ಎದ್ದಿದ್ದರೆ ಪಾಯಿಂಟಿನ ಜೊತೆ ಕೆಲಸ ಮಾಡುವ ಕಂಡೆನ್ಸರ್ ಸೊರಗಿದೆ ಎಂಬ ಅನುಮಾನ ಪಡಿ.

3. ತೆಳು ಅರದಲ್ಲಿ ಎರಡು ಸಲ ಎಳೆದು, ಪೆಟ್ರೋಲ್ ಅದ್ದಿದ ಬಿಳಿ ಕಾಗದವನ್ನು ನಡುವೆ ತೂರಿಸಿ ಎಳೆಯಿರಿ. ಕಾಗದ ಬೆಳ್ಳಗೇ ಹೊರಬರುವ ತನಕ.

4. ಸಂದು ಅಳೆಯುವ ಫೀಲರ್ ಗೇಜಿನ 0.4 ಮಿ.ಮೀ. ಎಲೆಯನ್ನು ತೂರಿಸಿ. ಬೆಣ್ಣೆಯಲ್ಲಿ ಚಾಕು ಎಳೆದ ಹಾಗೆ ಲಘುವಾಗಿ ತಾಗುತ್ತಾ ಬರಬೇಕು. ಬಿಗಿಯಾದರೂ ಸಡಿಲವಾದರೂ ಸ್ಕ್ರೂ ಸಡಿಲಿಸಿ ಸರಿಪಡಿಸಿ, ಬಿಗಿದು, ಮತ್ತೊಮ್ಮೆ ಅಳೆಯಿರಿ. ಸ್ಕ್ರೂ ಬಿಗಿಯುವಾಗಲೇ ಅಳತೆ ಕದಲುವುದು ಹೆಚ್ಚು.

5. ಸಂದು ಬದಲಾದರೆ ಕಿಡಿಯ ಟೈಮಿಂಗೂ ಬದಲಾಗುತ್ತದೆ. ಪಿಸ್ಟನ್ ಮೇಲಿನ ತುದಿ ಮುಟ್ಟುವುದಕ್ಕೆ ಎಷ್ಟು ಮಿಲಿಮೀಟರ್ ಮುಂಚೆ ಪಾಯಿಂಟ್ ತೆರೆಯಬೇಕು ಎಂಬುದು ನಿಮ್ಮ ಮಾಡೆಲ್ಲಿನ ಪುಸ್ತಕದಲ್ಲಿರುತ್ತದೆ. ಸಿಗರೇಟಿನ ತೆಳು ಕಾಗದವೊಂದನ್ನು ಪಾಯಿಂಟ್ ನಡುವೆ ಇಟ್ಟು ಎಂಜಿನ್ ತಿರುಗಿಸಿದರೆ, ಕಾಗದ ಬಿಟ್ಟುಕೊಡುವ ಗಳಿಗೆಯೇ ಪಾಯಿಂಟ್ ತೆರೆಯುವ ಗಳಿಗೆ.

ಇದನ್ನು ನನಗೆ ಕಲಿಸಿದ ಮೆಕ್ಯಾನಿಕ್ ಕಾಗದವನ್ನು ಕಣ್ಣಲ್ಲಿ ನೋಡುತ್ತಲೇ ಇರಲಿಲ್ಲ. ಕಣ್ಣು ಮುಚ್ಚಿ, ಎರಡು ಬೆರಳಲ್ಲಿ ಹಿಡಿದು, "ಬಿಡ್ತು" ಎನ್ನುತ್ತಿದ್ದರು. ಹತ್ತು ಸಲ ಮಾಡಿದರೆ ನಿಮ್ಮ ಬೆರಳಿಗೂ ಅದು ತಿಳಿಯುತ್ತದೆ.

ಉಳಿದ ಕೆಲಸ ಚಿಕ್ಕವು. ಚೈನ್ ಪೂರ್ತಿ ಮುಚ್ಚಿದ ಕೇಸಿನಲ್ಲಿರುವುದರಿಂದ ಜನ ಅದನ್ನು ಮರೆತೇಬಿಡುತ್ತಾರೆ. ಕೇಸಿನ ರಬ್ಬರ್ ಹರಿದಿದ್ದರೆ ನೀರು, ಮಣ್ಣು ಒಳಗೆ ಹೋಗಿ ಚೈನ್ ತುಕ್ಕು ಹಿಡಿಯುತ್ತದೆ. ಮಳೆಗಾಲದ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ತೆರೆದು ಸೀಮೆಎಣ್ಣೆಯಲ್ಲಿ ತೊಳೆದು ಆಯಿಲ್ ಕೊಡಿ. ಗೇರ್ ಬಾಕ್ಸಿನ ಆಯಿಲ್ ಮಟ್ಟ ನೋಡಿ. ಎಂಜಿನ್ ಕೂರುವ ಬೋಲ್ಟು, ಸೈಲೆನ್ಸರ್ ಕಾಲರ್, ಕಾರ್ಬೋರೇಟರ್ ಬುಡ ಈ ಮೂರನ್ನೂ ಪಾನಾ ಹಿಡಿದು ಮುಟ್ಟಿ ನೋಡಿ.

ಸೈಲೆನ್ಸರನ್ನು ಸುಮಾರು 5,000 ಕಿ.ಮೀ.ಗೊಮ್ಮೆ ಬಿಚ್ಚಿ. ಏರಿನಲ್ಲಿ ಗಾಡಿ ಎಳೆಯುವುದು ಕಡಿಮೆಯಾಗಿ, ಶಬ್ದ ಮೂಗು ಕಟ್ಟಿದಂತಾಗಿದ್ದರೆ ಒಳಗಿನ ಬ್ಯಾಫಲ್ ಕೊಳವೆಯಲ್ಲಿ ಕರಿ ತುಂಬಿದೆ. ಕೊಳವೆಯನ್ನು ಹೊರಗೆಳೆದು ಬೆಂಕಿಯಲ್ಲಿ ಸುಟ್ಟು, ತಣ್ಣಗಾದ ಮೇಲೆ ತಟ್ಟಿ ಉದುರಿಸಿ. ಕಾಸ್ಟಿಕ್ ಸೋಡಾ ಬಳಸುವವರು ಕೈಗವಸು, ಕನ್ನಡಕ ಹಾಕಿಕೊಳ್ಳಲಿ, ಅದನ್ನು ಹೆಡ್ಡಿಗೂ ಪಿಸ್ಟನ್ನಿಗೂ ತಾಗಿಸದಿರಲಿ; ಅಲ್ಯೂಮಿನಿಯಂ ಕರಗಿಹೋಗುತ್ತದೆ. ಬ್ಲಾಕಿನ ಎರಡು ಪೋರ್ಟುಗಳಲ್ಲಿನ ಕರಿಯನ್ನು ಪಿಸ್ಟನ್ ಕೆಳಗಿಳಿಸಿ ಬಿದಿರಿನ ಕಡ್ಡಿಯಲ್ಲಿ ಕೆರೆಯಿರಿ, ಉಳಿ ಬೇಡ. ಕೆಲವು ಹುಡುಗರು ಶಬ್ದಕ್ಕಾಗಿ ಬ್ಯಾಫಲ್ ತೆಗೆದೇ ಓಡಿಸುತ್ತಾರೆ. ದಯವಿಟ್ಟು ಬೇಡ. ಕಾನೂನಿಗೂ ವಿರುದ್ಧ, ಬೀದಿಯಲ್ಲಿರುವ ವಯಸ್ಸಾದವರಿಗೂ ಹಿಂಸೆ, ಟೂ ಸ್ಟ್ರೋಕ್ ಎಂಜಿನ್ನಿಗೆ ಬೇಕಾದ ಒಳಗಿನ ಒತ್ತಡವೂ ಹೋಗಿ ಎಳೆತ ಕಡಿಮೆಯಾಗುತ್ತದೆ.

ದಾರಿಯಲ್ಲಿ ನಿಂತರೆ

ಗಾಬರಿ ಬೇಡ. ಕರೆಂಟ್, ಪೆಟ್ರೋಲ್, ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ): ಇದೇ ಕ್ರಮದಲ್ಲಿ ಹೋಗಿ. ಪ್ಲಗ್ ಬಿಚ್ಚಿ, ಕ್ಯಾಪಿಗೆ ಸಿಕ್ಕಿಸಿ, ಅದರ ಮೈಯನ್ನು ಹೆಡ್ಡಿಗೆ ತಾಗಿಸಿ ಹಿಡಿದು ಕಿಕ್ ಮಾಡಿ. ಪ್ಲಗ್ ರಂಧ್ರದಿಂದ ಪೆಟ್ರೋಲ್ ಆವಿ ಬರುತ್ತದೆ, ಕಿಡಿಯನ್ನು ಅದರಿಂದ ದೂರ ಹಿಡಿಯಿರಿ. ನೀಲಿ ಕಿಡಿ ಚಟಚಟ ಎಂದರೆ ಕರೆಂಟ್ ಸರಿ. ಕೆಂಪಗೆ ಸೊರಗಿದ್ದರೆ ಮೊದಲು ಹೊಸ ಪ್ಲಗ್, ಆಮೇಲೆ ಪಾಯಿಂಟ್ ಒರೆಸುವುದು, ಕೊನೆಗೆ ಕಂಡೆನ್ಸರ್. ಕರೆಂಟ್ ಇದ್ದೂ ಪ್ಲಗ್ ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ರಿಸರ್ವಿಗೆ ತಿರುಗಿಸಿ, ಪೈಪ್ ಬಿಚ್ಚಿ ಹರಿವು ನೋಡಿ, ಟ್ಯಾಂಕ್ ಮುಚ್ಚಳದ ಗಾಳಿ ರಂಧ್ರ ಮುಚ್ಚಿದೆಯೇ ನೋಡಿ. ಗಾಡಿ ತೊಳೆದ ಮಾರನೇ ದಿನ ನಿಲ್ಲುವ ಎಷ್ಟೋ ಗಾಡಿಗಳಲ್ಲಿ ಆ ರಂಧ್ರವೇ ಕಟ್ಟಿರುತ್ತದೆ.

ಇದಕ್ಕೆ ಬೇಕಾದ ಸಾಮಾನು ಒಂದು ಕೈಚೀಲದಷ್ಟು: ಎರಡು ಪ್ಲಗ್, ಪಾಯಿಂಟ್ ಸೆಟ್, ಕಂಡೆನ್ಸರ್, ಕ್ಲಚ್ ಮತ್ತು ಆಕ್ಸಿಲರೇಟರ್ ವೈರ್, ಚೈನ್ ಲಾಕ್, ಒಂದಷ್ಟು ವೈರು, ಇನ್ಸುಲೇಷನ್ ಟೇಪು, ಟ್ಯೂಬ್, ಫೀಲರ್ ಗೇಜ್, ಪಾನಾಗಳು. ಜೊತೆಗೆ ಅರ್ಧ ಲೀಟರ್ ಟೂಟಿ ಆಯಿಲ್.

ಗುಂಪಿನಲ್ಲಿ ಹೋಗುವಾಗ

ಜುಲೈ ತಿಂಗಳ ಎರಡನೇ ಭಾನುವಾರ ಅಂತರರಾಷ್ಟ್ರೀಯ ಜಾವಾ ಯೆಜ್ಡಿ ದಿನ. ಬೆಂಗಳೂರು, ಮೈಸೂರುಗಳಲ್ಲಿ ಅವತ್ತು ಒಂದೇ ಕಡೆ ಸಾಲುಸಾಲು ಗಾಡಿ ನೋಡಬಹುದು. ಹೊಸಬರು ಮೊದಲು ಅಲ್ಲಿಗೆ ಹೋಗಿ. ಯಾವ ಬಿಡಿಭಾಗ ಎಲ್ಲಿ ಸಿಗುತ್ತದೆ, ಯಾವ ಮೆಕ್ಯಾನಿಕ್ ಕ್ರ್ಯಾಂಕ್ ಚೆನ್ನಾಗಿ ಕೂರಿಸುತ್ತಾರೆ ಎಂಬುದು ಅಂಥ ಜಾಗದಲ್ಲೇ ತಿಳಿಯುವುದು. ದೂರದ ಸವಾರಿಗೆ ಅವಸರ ಬೇಡ. ಮೊದಲನೆಯದು ಮೈಸೂರಿನಿಂದ ಪಾಂಡವಪುರದ ಮೇಲೆ ಮೇಲುಕೋಟೆಗೆ ಇರಲಿ. ಸುಮಾರು ಐವತ್ತು ಕಿಲೋಮೀಟರ್, ಕೊನೆಯಲ್ಲಿ ಒಂದು ಸಣ್ಣ ಏರು. ಪುಳಿಯೋಗರೆ ತಿಂದು ಬರುವಷ್ಟರಲ್ಲಿ ಯಾರ ಗಾಡಿಗೆ ಏನು ತೊಂದರೆ ಎಂದು ಗೊತ್ತಾಗಿಬಿಡುತ್ತದೆ. ಆಮೇಲೆ ಹುಣಸೂರು, ಕುಶಾಲನಗರದ ಮೇಲೆ ಮಡಿಕೇರಿ.

ಎಂಟು ಗಾಡಿ ಮೀರಿದರೆ ಎರಡು ಗುಂಪು ಮಾಡಿ. ಮುಂದೆ ದಾರಿ ಗೊತ್ತಿರುವವರು, ಕೊನೆಯಲ್ಲಿ ರಿಪೇರಿ ಗೊತ್ತಿರುವವರು, ಮುಂದಿನವರ ಹಿಂದೆಯೇ ಎಲ್ಲರಿಗಿಂತ ಹೊಸಬರು. ಹೊಸಬರ ವೇಗವೇ ಗುಂಪಿನ ವೇಗ. ನೇರ ರಸ್ತೆಯಲ್ಲಿ ಒಬ್ಬರು ಸ್ವಲ್ಪ ಎಡಕ್ಕೆ, ಹಿಂದಿನವರು ಸ್ವಲ್ಪ ಬಲಕ್ಕೆ ಇರಲಿ. ಮುಂದಿನವರು ಒಂದು ಕಂಬ ದಾಟಿದ ಎರಡು ಸೆಕೆಂಡಿನ ಮೇಲೆ ನೀವು ಅದನ್ನು ದಾಟಬೇಕು. ಹೀಗಿದ್ದರೆ ಬ್ರೇಕಿಗೂ ಜಾಗ ಸಿಗುತ್ತದೆ, ಮುಂದಿನವರ ಹೊಗೆಯೂ ನೇರ ಮುಖಕ್ಕೆ ಬಡಿಯುವುದಿಲ್ಲ. ತಿರುವುಗಳಲ್ಲಿ ಒಂದೇ ಸಾಲು. ದಾರಿ ಕವಲಾಗುವ ಕಡೆ ನಿಮ್ಮ ಹಿಂದಿನವರು ಕಣ್ಣಿಗೆ ಬೀಳುವ ತನಕ ನಿಲ್ಲಿ. ಎಲ್ಲರೂ ಇದೊಂದನ್ನು ಪಾಲಿಸಿದರೆ ಯಾರೂ ತಪ್ಪಿಸಿಕೊಳ್ಳುವುದಿಲ್ಲ, ಓಡಿಸುತ್ತಾ ಫೋನ್ ಎತ್ತುವ ಪ್ರಮೇಯವೇ ಬರುವುದಿಲ್ಲ. ಹೆಲ್ಮೆಟ್ ಐಎಸ್‌ಐ ಗುರುತಿನದೇ ಇರಲಿ, ಹಿಂದೆ ಕೂತವರಿಗೂ.

ಬೆಂಗಳೂರಿನ ಗೆಳೆಯರು ಗಮನಿಸಿ: 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥಗಳಲ್ಲಿ ದ್ವಿಚಕ್ರ ವಾಹನಕ್ಕೆ ಅವಕಾಶವಿಲ್ಲ. ಸರ್ವಿಸ್ ರಸ್ತೆಯಲ್ಲಿ ಬನ್ನಿ. ಬಂಡೀಪುರದ ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಆರು ವೋಲ್ಟಿನ ಗಾಡಿಯವರಿಗೆ ಕತ್ತಲಲ್ಲಿ ಹೇಗೂ ಕೆಲಸವಿಲ್ಲ. ಆ ದೀಪವನ್ನು ನಂಬಿ ಹಳ್ಳಿ ರಸ್ತೆಯಲ್ಲಿ ಓಡಿಸಬೇಡಿ, ಹೊತ್ತು ಮುಳುಗುವ ಮೊದಲೇ ಊರು ಸೇರುವ ಹಾಗೆ ಲೆಕ್ಕ ಹಾಕಿ.

ಇನ್ನು ಘಾಟಿ ಇಳಿಯುವ ವಿಷಯ. ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ಗಾಡಿ ತಗೊಂಡ ಮೊದಲ ವರ್ಷ ಮಡಿಕೇರಿಯಿಂದ ಸಂಪಾಜೆ ಕಡೆ ಇಳಿಯುತ್ತಿದ್ದೆವು. ತಂಪು ಗಾಳಿ, ಇಳಿಜಾರು, ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರಿನಲ್ಲೇ ಬಿಟ್ಟಿದ್ದೆ. ಎಂಜಿನ್ನಿನಿಂದ ಗೆಜ್ಜೆಯಂಥ ಸಣ್ಣ ಶಬ್ದ ಬಂತು, ಗಾಡಿ ಯಾರೋ ಹಿಂದಿನಿಂದ ಹಿಡಿದೆಳೆದ ಹಾಗೆ ಭಾರವಾಯಿತು, ಮರುಕ್ಷಣ ಹಿಂದಿನ ಚಕ್ರ ಕಿರ್ರೆಂದು ಉಜ್ಜಿತು. ಕೈ ತಾನಾಗಿ ಕ್ಲಚ್ ಹಿಡಿದದ್ದರಿಂದ ಬೀಳಲಿಲ್ಲ. ನಮ್ಮ ಗುಂಪಿನ ಹಿರಿಯರೊಬ್ಬರು ಹಿಂದೆ ಬಂದು ನಿಲ್ಲಿಸಿದರು.

"ಆಕ್ಸಿಲೇಟ್ರು ಮುಚ್ಕೊಂಡು ಇಳಿಸ್ದಾ ಮರಿ?"

"ಹೂಂ ಅಣ್ಣಾ. ಪೆಟ್ರೋಲ್ ಉಳಿಯುತ್ತೆ ಅಂತ."

"ಪೆಟ್ರೋಲ್ ಹೋಗ್ದಿದ್ರೆ ಆಯಿಲ್ ಎಲ್ಲಿಂದ ಹೋಗ್ಬೇಕಪ್ಪಾ ಒಳಕ್ಕೆ?"

ಅಷ್ಟೇ ವಿಷಯ. ಇಳಿಜಾರಿನಲ್ಲಿ ಚಕ್ರ ಎಂಜಿನ್ನನ್ನು ಜೋರಾಗಿ ತಿರುಗಿಸುತ್ತಿರುತ್ತದೆ, ಮುಚ್ಚಿದ ಕಾರ್ಬೋರೇಟರಿನಿಂದ ಆಯಿಲ್ ಬೆರೆತ ಪೆಟ್ರೋಲ್ ಹನಿಯಷ್ಟೇ ಬರುತ್ತದೆ, ಪಿಸ್ಟನ್ ಒಣಗಿ ಓಡುತ್ತದೆ. ಆದ್ದರಿಂದ ಎರಡನೆಯದೋ ಮೂರನೆಯದೋ ಗೇರಿನಲ್ಲಿ, ಎರಡೂ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯುತ್ತಾ ಇಳಿಯಿರಿ. ಕೆಲವು ಸೆಕೆಂಡಿಗೊಮ್ಮೆ ಕ್ಲಚ್ ಹಿಡಿದು ಒಂದು ಸಲ ಆಕ್ಸಿಲರೇಟರ್ ತಿರುಗಿಸಿ. ಬ್ರೇಕನ್ನು ಸತತ ಒತ್ತಿಕೊಂಡೇ ಇಳಿದರೆ ಡ್ರಮ್ ಕಾದು ಹಿಡಿತ ಹೋಗುತ್ತದೆ. ನಡುವೆ ಒಂದು ಅಗಲವಾದ ಜಾಗ ನೋಡಿ ಹತ್ತು ನಿಮಿಷ ನಿಲ್ಲಿ. ಘಾಟಿಗೆ ಮುಂಚಿನ ಬಂಕಿನಲ್ಲಿ ನಾನು ಲೀಟರಿಗೆ ಹತ್ತು ಮಿ.ಲೀ. ಆಯಿಲ್ ಹೆಚ್ಚೇ ಹಾಕುತ್ತೇನೆ.

ಹಿಡಿದುಬಿಟ್ಟರೆ ಮೊದಲು ಕ್ಲಚ್, ಆಮೇಲೆ ರಸ್ತೆ ಬದಿ. ನೀರು ಸುರಿಯಬೇಡಿ, ಬ್ಲಾಕ್ ಸೀಳೀತು. ಅರ್ಧ ಗಂಟೆ ಆರಲು ಬಿಡಿ. ಪ್ಲಗ್ ರಂಧ್ರದಿಂದ ಒಂದು ಚಮಚ ಟೂಟಿ ಆಯಿಲ್ ಬಿಟ್ಟು, ಕಿಕ್ಕರನ್ನು ಕೈಯಿಂದ ಮೆಲ್ಲಗೆ ಒತ್ತಿ ನೋಡಿ. ಸಲೀಸಾಗಿ ತಿರುಗಿದರೆ ನಲವತ್ತರ ವೇಗದಲ್ಲಿ ಹತ್ತಿರದ ಊರು ಸೇರಿ. ಮನೆಗೆ ಬಂದ ಮೇಲೆ ಬ್ಲಾಕ್ ಎತ್ತಿಸಿ ನೋಡಲೇಬೇಕು. ಬೋರಿನಲ್ಲಿ ಗೀರು ಬಿದ್ದಿದ್ದರೆ ಮುಂದಿನ ಅಳತೆಗೆ ಬೋರ್ ಮಾಡಿಸಿ, ದಪ್ಪ ಪಿಸ್ಟನ್ ಹಾಕಿಸಬೇಕು, ಅಳತೆ 0.25 ಮಿ.ಮೀ. ಲೆಕ್ಕದಲ್ಲಿ ಏರುತ್ತದೆ. ಆ ಮೇಲೆ ಮೊದಲ 1,000 ಕಿ.ಮೀ. ಲೀಟರಿಗೆ 50 ಮಿ.ಲೀ. ಆಯಿಲ್, ಐವತ್ತು ಮೀರದ ವೇಗ. ಆ ದಿನಗಳಲ್ಲಿ ಗುಂಪಿನ ಸವಾರಿಗೆ ಹೋಗಲೇಬೇಡಿ, ಜೊತೆಯವರ ವೇಗಕ್ಕೆ ಕೈ ತಿರುಗಿಬಿಡುತ್ತದೆ.

ಸವಾರಿಯಿಂದ ಮನೆಗೆ ಬಂದ ರಾತ್ರಿ ಟ್ಯಾಪ್ ಮುಚ್ಚುವುದನ್ನು ಮರೆಯಬೇಡಿ. ತೆರೆದೇ ಬಿಟ್ಟರೆ ಪೆಟ್ರೋಲ್ ತೊಟ್ಟಿಕ್ಕಿ ಎಂಜಿನ್ ಒಳಗೆ ತುಂಬಿಕೊಳ್ಳುತ್ತದೆ, ಬೆಳಿಗ್ಗೆ ಎಷ್ಟು ಒದ್ದರೂ ಏಳುವುದಿಲ್ಲ. ಮಳೆಯಲ್ಲಿ ನೆನೆದಿದ್ದರೆ ಒಣಬಟ್ಟೆಯಲ್ಲಿ ಪ್ಲಗ್ ಕ್ಯಾಪ್, ಕಾಯಿಲ್ ಒರೆಸಿ, ಬ್ರೇಕಿನಲ್ಲಿ ನೀರಿದೆಯೇ ಎಂದು ಎರಡು ಸಲ ಒತ್ತಿ ನೋಡಿ ಮಲಗಿ. ಬೆಳಿಗ್ಗೆ ನೆಲದ ಮೇಲಿನ ಕಲೆ ನೋಡಿ, ಪ್ಲಗ್ಗಿನ ಬಣ್ಣ ನೋಡಿ, ಕಂದು ಬಣ್ಣವಿದ್ದರೆ ಅದೇ ಗಾಡಿಯಲ್ಲಿ ಕೆಲಸಕ್ಕೆ ಹೊರಡಿ.